ಮರಿ ತಾಟೆ ತರಲು ಹೋದ ನಾಲ್ಕು ದಿನ

ಮೊದಲ ದಿನ: ಉದ್ಯಾವರ

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದವಳು ಬೆಳಿಗ್ಗೆ ಏಳಕ್ಕೆ ಉದ್ಯಾವರದಲ್ಲಿ ಇಳಿದೆ. ತಂಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು. ಹುಟ್ಟಿ ಹನ್ನೆರಡು ದಿನ. ಹೊಕ್ಕುಳ ಬಳ್ಳಿ ಹಿಂದಿನ ದಿನವಷ್ಟೇ ಒಣಗಿ ಉದುರಿತ್ತು. ಅಮ್ಮ ಅದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ದೇವರ ಕೋಣೆಯಲ್ಲಿ ಇಟ್ಟಿದ್ದಳು. ಮಗುವಿನ ಹೊಟ್ಟೆಯ ಮೇಲೆ ಇನ್ನೂ ಪೂರ್ತಿ ಆರದ, ಕೆಂಪಗಿನ ಸಣ್ಣ ಗುರುತು.

ಕೈಕಾಲು ತೊಳೆದು ಮಗುವನ್ನು ಎತ್ತಿಕೊಂಡು ಐದು ನಿಮಿಷ ಆಗಿಲ್ಲ, ಅಮ್ಮ ಕೆಲಸ ಹೇಳಿದಳು.

"ನಾಳೆ ಮಾವನ ಒಟ್ಟಿಗೆ ಮಲ್ಪೆಗೆ ಹೋಗಿ ಬಾ. ಮರಿ ತಾಟೆ ಸಿಕ್ಕಿದರೆ ಎರಡು ಕೆಜಿ ತಾ. ಇವಳಿಗೆ ಹಾಲು ಸಾಲುವುದಿಲ್ಲ."

ಘಟ್ಟದ ಮೇಲಿನವರಿಗೆ ಹೇಳಬೇಕು. ತಾಟೆ ಅಂದರೆ ಶಾರ್ಕ್. ನಮ್ಮಲ್ಲಿ ಅದು ಸಿನಿಮಾದ ರಾಕ್ಷಸ ಅಲ್ಲ, ಅಡುಗೆ ಮನೆಯ ಮೀನು. ಮರಿ ತಾಟೆ ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಅಂತ ಕರಾವಳಿಯ ಉದ್ದಕ್ಕೂ ನಂಬಿಕೆ ಉಂಟು. ಕೊಂಕಣಿಯವರು ಮೋರಿ ಅನ್ನುತ್ತಾರೆ, ತಮಿಳರು ಸುರಾ ಅನ್ನುತ್ತಾರೆ. ಹೆಸರು ಬೇರೆ, ನಂಬಿಕೆ ಒಂದೇ. ನಾನು ಹುಟ್ಟಿದಾಗ ಅಜ್ಜಿ ಅಮ್ಮನಿಗೆ ಮಾಡಿ ಹಾಕಿದ್ದೂ ಅದನ್ನೇ. ಕರಿಮೆಣಸು, ಬೆಳ್ಳುಳ್ಳಿ, ಜೀರಿಗೆ ಜಾಸ್ತಿ. ಹುಳಿ ಕಮ್ಮಿ. ಮಣ್ಣಿನ ಬಿಸಲೆಯಲ್ಲಿ ನಿಧಾನಕ್ಕೆ ಕುದಿಯುವ ಸಾರು.

ಮಕ್ಕಳಿಗೂ ಮೊದಲು ಕೊಡುವ ಮೀನು ಅದೇ ಆಗಿತ್ತು. ತಾಟೆಗೆ ಮುಳ್ಳಿಲ್ಲ. ನಡುವೆ ಒಂದು ಮೆತ್ತನೆಯ ಬೆನ್ನೆಲುಬು, ಅದೂ ನಮ್ಮ ಕಿವಿಯ ಹಾಗೆ ಬಾಗುವಂಥದ್ದು. ಗಂಟಲಿಗೆ ಸಿಕ್ಕುವ ಭಯ ಇಲ್ಲ. ಆಗ ಬೆಲೆಯೂ ಕಡಿಮೆ. ಅಂಜಲ್, ಮಾಂಜಿ ಕೊಳ್ಳಲಾಗದ ಮನೆಗಳಲ್ಲಿ ತಾಟೆ ಇರುತ್ತಿತ್ತು. ಮಳೆಗಾಲಕ್ಕೆ ಉಪ್ಪು ಹಾಕಿ ಒಣಗಿಸಿದ ತಾಟೆ ಇರುತ್ತಿತ್ತು.

ಇಷ್ಟೆಲ್ಲ ತಿಂದು ಬೆಳೆದವಳು ನಾನು. ಆದರೆ ಜೀವ ಇರುವ ತಾಟೆಯನ್ನು ಒಂದು ದಿನವೂ ನೋಡಿರಲಿಲ್ಲ. ಸತ್ತದ್ದನ್ನೂ ಸರಿಯಾಗಿ ನೋಡಿರಲಿಲ್ಲ, ತುಂಡು ಮಾಡಿದ್ದನ್ನು ಮಾತ್ರ.

ಎರಡನೇ ದಿನ: ಮಲ್ಪೆ

ಬೆಳಿಗ್ಗೆ ಐದಕ್ಕೆ ಮಾವ ಸ್ಕೂಟರ್ ತಂದರು. ಅಮ್ಮನ ತಮ್ಮ. ಮೂವತ್ತು ವರ್ಷ ಸಮುದ್ರಕ್ಕೆ ಹೋದವರು, ಕೊನೆಯ ಹದಿನೈದು ವರ್ಷ ತಾಂಡೇಲ, ಅಂದರೆ ಬೋಟು ನಡೆಸುವವರು. ಈಗ ಮೊಣಕಾಲು ನೋವು. ಬೋಟಿಗೆ ಹೋಗುವುದಿಲ್ಲ. ಆದರೂ ದಿನಾ ಬಂದರಿಗೆ ಒಂದು ಸುತ್ತು ಹಾಕದಿದ್ದರೆ ಅವರಿಗೆ ಬೆಳಗಾಗುವುದಿಲ್ಲ.

ಮಲ್ಪೆ ಬಂದರನ್ನು ಬೆಳಿಗ್ಗೆಯೇ ನೋಡಬೇಕು. ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಪ್ರವಾಸಿಗರು ಬರುವ ಹೊತ್ತಿಗೆ ಇಲ್ಲಿ ಅರ್ಧ ದಿನದ ಕೆಲಸ ಮುಗಿದಿರುತ್ತದೆ. ಆಳ ಸಮುದ್ರದ ಬೋಟುಗಳು ಎಂಟು ಹತ್ತು ದಿನ ಹೊರಗಿದ್ದು ಬಂದಿದ್ದವು. ಐಸ್ ಪುಡಿ ಮಾಡುವ ಸದ್ದು. ಬೋಟಿನ ಕೆಲಸದ ಕಲಾಸಿಗಳು ಬುಟ್ಟಿ ದಾಟಿಸುವ ಕೂಗು. ರಾಣಿ ಮೀನು ಒಂದು ಕಡೆ ಗುಡ್ಡೆ, ಬೊಂಡಾಸ್ ಇನ್ನೊಂದು ಕಡೆ, ಪಾಂಬೋಳು ಬೆಳ್ಳಿ ಪಟ್ಟಿಯ ಹಾಗೆ ಉದ್ದಕ್ಕೆ.

ತಾಟೆ ಎಲ್ಲಕ್ಕಿಂತ ಆಚೆ ಮೂಲೆಯಲ್ಲಿತ್ತು. ತೊರಕೆಗಳ ಪಕ್ಕ. ತೊರಕೆ ಅಂದರೆ ಚಪ್ಪಟೆ ಮೈಯ ರೇ ಮೀನು. ಮೂವತ್ತು ನಲವತ್ತು ಇರಬಹುದು. ಎಲ್ಲವೂ ಒಂದು ಕೈ ಉದ್ದ, ಕೆಲವು ಅದಕ್ಕಿಂತ ಚಿಕ್ಕವು.

"ಮುಟ್ಟಿ ನೋಡು," ಅಂದರು ಮಾವ. ತಲೆಯಿಂದ ಬಾಲದ ಕಡೆಗೆ ಸವರಿದೆ, ನುಣುಪು. ಬಾಲದಿಂದ ತಲೆಯ ಕಡೆಗೆ ಸವರಿದೆ, ಉಪ್ಪುಕಾಗದದ ಹಾಗೆ ಉಜ್ಜಿತು. ಅದರ ಚರ್ಮದ ಮೇಲಿರುವುದು ನಾವು ತಿಳಿದ ಹುರುಪೆ ಅಲ್ಲ. ಒಂದೊಂದೂ ಹಲ್ಲಿನ ಹಾಗೆಯೇ ಮಾಡಿದ್ದು. ಮೂತಿಯ ಕೆಳಗೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು. ಒತ್ತಿದರೆ ಲೋಳೆಯ ಹಾಗೆ ಏನೋ ಬರುತ್ತದೆ. ಮರಳಿನ ಅಡಿಯಲ್ಲಿ ಅಡಗಿದ ಮೀನಿನ ಮೈಯಿಂದ ಬರುವ ಸಣ್ಣ ವಿದ್ಯುತ್ತನ್ನೂ ಅದು ಇದರಲ್ಲಿ ಹಿಡಿಯುತ್ತದೆ. ಇದನ್ನು ನಾನು ಓದಿ ತಿಳಿದಿದ್ದೆ. ಬೆರಳು ಇಟ್ಟು ನೋಡಿದ್ದು ಮೊದಲ ಸಲ.

ಆಮೇಲೆ ನಡೆದದ್ದನ್ನು ನಿಧಾನಕ್ಕೆ ಹೇಳುತ್ತೇನೆ.

ಗುಡ್ಡೆಯಲ್ಲಿ ಒಂದು ಮಾತ್ರ ದೊಡ್ಡದಿತ್ತು. ಮೂರು ಅಡಿ ಸಮೀಪ. ಹೊಟ್ಟೆ ಉಬ್ಬಿತ್ತು. ಮೀನು ಕತ್ತರಿಸುವ ಅಕ್ಕ ಅದನ್ನು ಮಗುಚಿ ಹಾಕಿ ಕತ್ತಿ ಎಳೆದರು. ಒಳಗಿನಿಂದ ಮರಿಗಳು ಜಾರಿದವು. ನಾಲ್ಕು. ಗೇಣುದ್ದ. ಕಣ್ಣು, ರೆಕ್ಕೆ, ಬಾಲ, ಎಲ್ಲ ಪೂರ್ತಿ ಆಗಿತ್ತು. ಪ್ರತಿಯೊಂದರ ಎದೆಯಿಂದಲೂ ಒಂದು ತೆಳ್ಳಗಿನ ಬಳ್ಳಿ ತಾಯಿಯ ಒಳಗೆ ಹೋಗಿತ್ತು.

ಹೊಕ್ಕುಳ ಬಳ್ಳಿ.

ಮೀನಿಗೆ ಹೊಕ್ಕುಳ ಬಳ್ಳಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎಲ್ಲ ತಾಟೆಗೂ ಇರುವುದಿಲ್ಲ. ಮೊಟ್ಟೆ ಇಡುವ ಜಾತಿಗಳೂ ಉಂಟು. ಆದರೆ ಇಂಗ್ಲಿಷಿನಲ್ಲಿ ಮಿಲ್ಕ್ ಶಾರ್ಕ್ ಅನ್ನುವ ಈ ಜಾತಿ ಸುಮಾರು ಒಂದು ವರ್ಷ ಮರಿಯನ್ನು ಹೊಟ್ಟೆಯಲ್ಲೇ ಹೊತ್ತು, ಬಳ್ಳಿಯ ಮೂಲಕ ಉಣಿಸಿ, ಆಮೇಲೆ ಹೆರುತ್ತದೆ. ಒಂದು ಹೆರಿಗೆಗೆ ಒಂದರಿಂದ ಎಂಟು ಮರಿ. ಅದೇ ಒಂದು ಸಣ್ಣ ಬೂತಾಯಿ ಮೀನು ಸಾವಿರಾರು ಮೊಟ್ಟೆ ಬಿಡುತ್ತದೆ. ಬೂತಾಯಿಯ ಲೆಕ್ಕ ಬೇರೆ, ತಾಟೆಯ ಲೆಕ್ಕ ಬೇರೆ. ನಾವು ಎರಡನ್ನೂ ಒಂದೇ ಬಲೆಯಲ್ಲಿ ಎಳೆಯುತ್ತೇವೆ.

ಅಕ್ಕ ಬಳ್ಳಿ ಕತ್ತರಿಸಿ ನಾಲ್ಕನ್ನೂ ಬದಿಗಿಟ್ಟರು. "ಬಾಣಂತಿಗಾ? ಇದನ್ನೇ ತೆಗೆದುಕೊಂಡು ಹೋಗಿ. ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ," ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೆ ಕೈ ಮುಂದೆ ಹೋಗಲಿಲ್ಲ.

ಮಾವ ಏನೂ ಕೇಳಲಿಲ್ಲ. ಚಹಾದ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಕೂತು ಹಳೆಯ ಮಾತು ತೆಗೆದರು. ಅವರ ಅಪ್ಪನ ಕಾಲದಲ್ಲಿ ತಾಟೆಗೆ ಅಂತಲೇ ದಪ್ಪ ಗಾಳ ಹಾಕುತ್ತಿದ್ದರಂತೆ. ಯಕೃತ್ತಿನ ಎಣ್ಣೆ ಕಾಯಿಸಿ ಮರದ ದೋಣಿಗೆ ಹಚ್ಚುತ್ತಿದ್ದರಂತೆ. ಎರಡನೇ ಮಹಾಯುದ್ಧದ ಹೊತ್ತಿಗೆ ಹೊರಗಿನಿಂದ ಕಾಡ್ ಮೀನಿನ ಎಣ್ಣೆ ಬರುವುದು ನಿಂತಿತ್ತು. ಆಗ ಮದ್ರಾಸ್ ಪ್ರಾಂತ್ಯದಲ್ಲಿ ಔಷಧಿಗೆ ತಾಟೆ ಎಣ್ಣೆಯನ್ನೇ ತೆಗೆದರು. ನಮ್ಮ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು.

ಆಮೇಲೆ ರೆಕ್ಕೆಯ ಕಾಲ ಬಂತು. ಹಾಂಗ್‌ಕಾಂಗ್, ಸಿಂಗಾಪುರದ ಸೂಪಿಗೆ. "ಮೀನಿಗಿಂತ ರೆಕ್ಕೆಗೆ ಬೆಲೆ. ಮನೆಯ ಮಾಡಿನ ಮೇಲೆ ಹಪ್ಪಳ ಒಣಗಿಸಿದ ಹಾಗೆ ಒಣಗಿಸುತ್ತಿದ್ದೆವು," ಅಂದರು ಮಾವ. 2013ರಲ್ಲಿ ಕೇಂದ್ರ ಸರ್ಕಾರ, ರೆಕ್ಕೆ ಬೇರೆ ಮಾಡಿ ತರಬಾರದು, ಮೀನಿನ ಮೈಯಲ್ಲೇ ಇರಬೇಕು ಅಂತ ನಿಯಮ ಮಾಡಿತು. 2015ರ ಫೆಬ್ರವರಿಯಲ್ಲಿ ರೆಕ್ಕೆಯ ರಫ್ತನ್ನೇ ನಿಲ್ಲಿಸಿತು. "ಅಲ್ಲಿಗೆ ರೆಕ್ಕೆ ಹೋಯಿತು. ಆದರೆ ತಾಟೆ ಬರುವುದು ನಿಲ್ಲಲಿಲ್ಲ. ನಾವು ತಾಟೆಗೆ ಅಂತ ಬಲೆ ಬಿಡುವುದಿಲ್ಲ ಮಗಳೇ. ಸಿಗಡಿಗೆ, ಬೊಂಡಾಸ್‌ಗೆ ಬಿಡುವುದು. ಇದೂ ಬರುತ್ತದೆ. ಬಲೆಗೆ ಕಣ್ಣುಂಟು, ತಲೆ ಇಲ್ಲ."

ಗರಗಸ ಮೀನಿನ ಮಾತೂ ಬಂತು. 2021ರ ಮಾರ್ಚ್‌ನಲ್ಲಿ ಮಲ್ಪೆಗೆ ಒಂದು ಬಂದಿತ್ತು. ಸುಮಾರು 10 ಅಡಿ ಉದ್ದ, 250 ಕೆಜಿ ತೂಕ. ಅದರ ಫೋಟೊ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು, ನನಗೂ ಬಂದಿತ್ತು. ಗರಗಸ ಮೀನು ತಾಟೆ ಅಲ್ಲ, ತೊರಕೆಯ ನೆಂಟ. ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಅದಕ್ಕೂ 2001ರಿಂದ ಉಂಟು. "ನಾನು ಹುಡುಗನಾಗಿದ್ದಾಗ ಅದು ಬಲೆಗೆ ಬಿದ್ದರೆ ಬಲೆ ಹರಿಯಿತು ಅಂತ ಬೈಯುತ್ತಿದ್ದರು. ಈಗ ಬಿದ್ದರೆ ಪೇಪರಿನಲ್ಲಿ ಬರುತ್ತದೆ. ಅಷ್ಟು ಅಪರೂಪ ಆಯಿತು," ಅಂದರು ಮಾವ. ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಅವರ ಮುಖದಲ್ಲಿ ಬೇಸರ ಇತ್ತು. ಸಮುದ್ರಕ್ಕೆ ಹೋಗುವವರಿಗೆ ಸಮುದ್ರ ಖಾಲಿಯಾಗುವುದು ಬೇಕಾಗಿಲ್ಲ. ಪಟ್ಟಣದಲ್ಲಿ ಕೂತು ಅವರನ್ನು ಬೈಯುವವರು ಒಮ್ಮೆ ಈ ಚಹಾದ ಅಂಗಡಿಗೆ ಬರಬೇಕು.

ಮನೆಗೆ ಕಾಣೆ ಮೀನು ತಂದೆವು. ಅಮ್ಮ ಚೀಲ ಬಿಚ್ಚಿ ನೋಡಿದಳು.

"ತಾಟೆ ಇರಲಿಲ್ವಾ?"

"ಇತ್ತು. ನಾನು ತರಲಿಲ್ಲ."

ಅಮ್ಮ ಮಾತಾಡಲಿಲ್ಲ. ಆ ರಾತ್ರಿ ನನಗೆ ಊಟ ಬಡಿಸಿದ್ದು ತಂಗಿ.

ಮೂರನೇ ದಿನ: ಮಂಗಳೂರು

ಮಂಗಳೂರಿನಲ್ಲಿ ಗೆಳತಿಯ ತಂಗಿ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಿದ್ದಾಳೆ. 1969ರಲ್ಲಿ ಶುರುವಾದ ಕಾಲೇಜು, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಅವಳ ಓದಿನ ವಿಷಯವೇ ತಾಟೆ, ತೊರಕೆ. ಬೆಳಿಗ್ಗೆ ಮೊದಲ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಹೋದೆ. ಮೀನು ಇಳಿಸುವ ದಕ್ಕೆಯಲ್ಲಿ ಕಾಯುತ್ತಿದ್ದಳು, ಕೈಯಲ್ಲಿ ಅಳತೆ ಟೇಪು, ನೀರಿನಲ್ಲಿ ಅರ್ಧ ಒದ್ದೆಯಾದ ನೋಟ್‌ಬುಕ್.

ದಕ್ಕೆ ಮಲ್ಪೆಗಿಂತ ಇಕ್ಕಟ್ಟು. ತಮಿಳುನಾಡಿನ ತೂತ್ತೂರು ಕಡೆಯ ಮೀನುಗಾರರ ಬಗ್ಗೆ ಅವಳು ಹೇಳಿದಳು. ಗಾಳ ಹಾಕಿ ದೂರದ ಸಮುದ್ರದಲ್ಲಿ ದೊಡ್ಡ ತಾಟೆ ಹಿಡಿಯುವುದರಲ್ಲಿ ಅವರಷ್ಟು ಪಳಗಿದವರು ದೇಶದಲ್ಲೇ ಇಲ್ಲ. ತಿಂಗಳುಗಟ್ಟಲೆ ಸಮುದ್ರದಲ್ಲಿ ಇರುವವರು. ಅವರ ದುಡಿಮೆಯನ್ನು ನೋಡಿದ ಮೇಲೆ 'ಶಾರ್ಕ್ ಹಿಡಿಯಬಾರದು' ಅಂತ ಒಂದೇ ಮಾತಿನಲ್ಲಿ ಹೇಳುವುದು ತನಗೆ ಕಷ್ಟ ಅಂದಳು.

ಒಂದು ಬುಟ್ಟಿಯಲ್ಲಿ ತಲೆ ಸುತ್ತಿಗೆಯ ಹಾಗೆ ಇರುವ ಮರಿಗಳಿದ್ದವು. ಒಂದೂವರೆ ಅಡಿ. ಅವಳು ಒಂದನ್ನು ಎತ್ತಿ ಮಗುಚಿದಳು. ಎದೆಯ ಎರಡು ರೆಕ್ಕೆಗಳ ನಡುವೆ ಬೆರಳಿಟ್ಟಳು.

"ಅಕ್ಕ, ಇಲ್ಲಿ ನೋಡಿ. ಸಣ್ಣ ಸೀಳು ಕಾಣುತ್ತದಲ್ಲ? ಬಳ್ಳಿ ಉದುರಿದ ಜಾಗ. ಇನ್ನೂ ಮುಚ್ಚಿಲ್ಲ. ಅಂದರೆ ಹುಟ್ಟಿ ಕೆಲವೇ ವಾರ."

ಮರಿಗಳು ಯಾಕೆ ಇಷ್ಟೊಂದು ಬರುತ್ತವೆ ಅಂತ ಕೇಳಿದೆ. ಎಷ್ಟೋ ಜಾತಿಯ ತಾಟೆಗಳು ದೂರದಲ್ಲಿ ಬೆಳೆದರೂ ಹೆರುವುದಕ್ಕೆ ದಡದ ಹತ್ತಿರ ಬರುತ್ತವೆ. ಆಳವಿಲ್ಲದ ನೀರು, ತಿನ್ನಲು ಸಣ್ಣ ಮೀನು, ದೊಡ್ಡ ತಾಟೆಗಳ ಕಾಟ ಕಮ್ಮಿ. ಮರಿಗಳು ಅಲ್ಲೇ ಬೆಳೆಯುತ್ತವೆ. ನಮ್ಮ ಬೋಟುಗಳು ಹೆಚ್ಚು ಓಡುವುದೂ ಅಲ್ಲೇ. ಮಿಲ್ಕ್ ಶಾರ್ಕ್ ಎರಡು ಮೂರು ವರ್ಷಕ್ಕೆ ಮರಿ ಹಾಕುವಷ್ಟು ಬೆಳೆಯುತ್ತದೆ. ಹಾಗಾಗಿ ಹೇಗೋ ಉಳಿದುಕೊಂಡಿದೆ. ಸುತ್ತಿಗೆ ತಲೆಯದ್ದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಬೇಕು. ಅಷ್ಟು ವರ್ಷ ಬಲೆ ತಪ್ಪಿಸಿಕೊಂಡು ಬದುಕಿದರೆ ಮಾತ್ರ ಅದು ತಾಯಿ.

ಅವಳು ಹೇಳಿದ ಲೆಕ್ಕಗಳಲ್ಲಿ ಮನಸ್ಸಿನಲ್ಲಿ ಉಳಿದವು ಇಷ್ಟು. ತೆರೆದ ಸಮುದ್ರದ ತಾಟೆ, ತೊರಕೆಗಳು 1970ರಿಂದ ಈಚೆಗೆ ಜಗತ್ತಿನಲ್ಲಿ ಶೇಕಡ 71ರಷ್ಟು ಕಡಿಮೆಯಾಗಿವೆ. ಒಟ್ಟು ತಾಟೆ, ತೊರಕೆ ಜಾತಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಅಳಿವಿನ ಭಯದಲ್ಲಿವೆ. ವರ್ಷಕ್ಕೆ ಸುಮಾರು 8 ಕೋಟಿ ಶಾರ್ಕ್‌ಗಳು ಮನುಷ್ಯರ ಕೈಯಲ್ಲಿ ಸಾಯುತ್ತವೆ. ಶಾರ್ಕ್ ತಾನಾಗಿ ಮನುಷ್ಯರನ್ನು ಕಚ್ಚುವುದು ಇಡೀ ಜಗತ್ತಿನಲ್ಲಿ ವರ್ಷಕ್ಕೆ 60–70 ಸಲ. ಸಾಯುವವರು ಬೆರಳೆಣಿಕೆಯಷ್ಟು. ಚಿಕ್ಕಂದಿನಲ್ಲಿ ಪಡುಕೆರೆಯ ನೀರಿಗೆ ಇಳಿಯಲು ನಾನು ಹೆದರುತ್ತಿದ್ದದ್ದು ನೆನಪಾಯಿತು.

ಕಾನೂನಿನ ಮಾತು ಬಂದಾಗ ಅವಳು ಸ್ವಲ್ಪ ಬಿಸಿಯಾದಳು. 2001ರ ಜುಲೈನಲ್ಲಿ ಸರ್ಕಾರ ಎಲ್ಲ ತಾಟೆ, ತೊರಕೆಗಳನ್ನೂ ಹಿಡಿಯಬಾರದು ಅಂದಿತು. ಮೀನುಗಾರರು ವಿರೋಧಿಸಿದರು. ಡಿಸೆಂಬರ್ ಹೊತ್ತಿಗೆ ಪಟ್ಟಿ 10 ಜಾತಿಗೆ ಇಳಿಯಿತು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಅದು ಮತ್ತೆ ಉದ್ದವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. "ಪಟ್ಟಿ ಮಾಡಿದರು. ಯಾವುದು ಯಾವ ಜಾತಿ ಅಂತ ಕತ್ತಲಲ್ಲಿ, ಐಸ್ ನಡುವೆ ಕಲಾಸಿಗೆ ಹೇಗೆ ಗೊತ್ತಾಗಬೇಕು? ಅದನ್ನು ಕೂತು ಹೇಳಿಕೊಡುವವರು ಬೇಕಲ್ಲ ಅಕ್ಕ," ಅಂದಳು. ಇದು ನಿಜವಾದ ಮಾತು. ಹೆದರಿಕೆಯಿಂದ ಯಾರೂ ಮೀನು ಬಿಡುವುದಿಲ್ಲ. ಹೆದರಿದವರು ಮುಚ್ಚಿಟ್ಟು ಮಾರುತ್ತಾರೆ.

ಮಧ್ಯಾಹ್ನ ಇಬ್ಬರೂ ದೋಣಿಯಲ್ಲಿ ಬೆಂಗ್ರೆಗೆ ದಾಟಿದೆವು. ಒಂದು ಕಡೆ ನದಿ, ಒಂದು ಕಡೆ ಸಮುದ್ರ, ನಡುವೆ ಊರು. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆ ಅಲ್ಲೇ ಹತ್ತಿರ. ಮರಳಿನ ಮೇಲೆ ಕೂತು ಅವಳು ಗುಜರಾತಿನ ಕಥೆ ಹೇಳಿದಳು. ನನ್ನ ಇಡೀ ಪ್ರವಾಸಕ್ಕೆ ಸಿಕ್ಕಿದ್ದು ಅದೇ ಅನ್ನಬೇಕು.

ತಿಮಿಂಗಿಲ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು. ಮೈ ಮೇಲೆ ಬಿಳಿ ಚುಕ್ಕಿ. ಬಾಯಿ ತೆರೆದು ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ, ಯಾರಿಗೂ ತೊಂದರೆ ಇಲ್ಲ. ಸೌರಾಷ್ಟ್ರದ ದಡದಲ್ಲಿ ಅದನ್ನು ನೂರಾರು ಲೆಕ್ಕದಲ್ಲಿ ಕೊಲ್ಲುತ್ತಿದ್ದರು. ಯಕೃತ್ತಿನ ಎಣ್ಣೆ ದೋಣಿಗೆ, ಮಾಂಸ ಹೊರದೇಶಕ್ಕೆ. 2001ರ ಮೇ ತಿಂಗಳಲ್ಲಿ ಕಾನೂನು ಬಂತು, ನಮ್ಮ ದೇಶದಲ್ಲಿ ಮೀನೊಂದಕ್ಕೆ ಅಂಥ ರಕ್ಷಣೆ ಸಿಕ್ಕಿದ್ದು ಅದೇ ಮೊದಲು. ಬರೀ ಕಾನೂನಿನಿಂದ ಜನರ ಮನಸ್ಸು ತಿರುಗಲಿಲ್ಲ. 2004ರಲ್ಲಿ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಟಾಟಾ ಕೆಮಿಕಲ್ಸ್ ಸೇರಿ ಊರೂರಿಗೆ ಹೋದರು. ಕಥೆ ಹೇಳುವ ಮೊರಾರಿ ಬಾಪು ಅವರನ್ನು ಜೊತೆಗೆ ಕರೆದುಕೊಂಡರು. ಅವರು ಆ ಮೀನಿಗೆ 'ವ್ಹಾಲಿ' ಅಂತ ಹೆಸರಿಟ್ಟರು. ಗುಜರಾತಿಯಲ್ಲಿ ಹಾಗಂದರೆ ಮುದ್ದಿನವಳು. ಅದು ಹೆರಿಗೆಗೆ ತವರಿಗೆ ಬರುವ ಮಗಳ ಹಾಗೆ, ಬಾಗಿಲಿಗೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರಾ ಅಂತ ಕೇಳಿದರು.

ಅಲ್ಲಿಂದ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ಅದನ್ನು ಬಿಡಲು ಶುರು ಮಾಡಿದರು. ಹರಿದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು. ಹೀಗೆ ಬಿಟ್ಟದ್ದು 900ಕ್ಕೂ ಹೆಚ್ಚು.

ಅವಳು ಹೇಳಿ ಮುಗಿಸಿದಳು. ನನಗೆ ಮನೆಯಲ್ಲಿ ಮಲಗಿರುವ ತಂಗಿಯ ಮುಖವೇ ಕಣ್ಣ ಮುಂದೆ. ತವರಿಗೆ ಬಂದವಳು. ಅವಳ ಹಾಲಿಗೆ ಅಂತ ನಾನು ಮಲ್ಪೆಯಲ್ಲಿ ಕೊಳ್ಳಬೇಕಾಗಿದ್ದೂ ತವರಿಗೆ ಬಂದವಳ ಮಕ್ಕಳನ್ನೇ.

ನಾಲ್ಕನೇ ದಿನ: ಮತ್ತೆ ಉದ್ಯಾವರ

ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತು. ಅಮ್ಮ ಕಾಲು ಚಾಚಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿದ್ದಳು. ನಾನು ಬಿಸಿನೀರು ಹದ ಮಾಡುತ್ತಾ ಎಲ್ಲವನ್ನೂ ಹೇಳಿದೆ. ನಾಲ್ಕು ಮರಿ, ಬಳ್ಳಿ, ವ್ಹಾಲಿ. ಅಮ್ಮ ಕೇಳುತ್ತಲೇ ಮಗುವಿನ ಹೊಕ್ಕುಳಿನ ಸುತ್ತ ಮೆಲ್ಲಗೆ ಒರೆಸುತ್ತಿದ್ದಳು.

ಪಾದರಸದ ವಿಷಯವನ್ನೂ ಹೇಳಿದೆ. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತಾ ಹೋದ ಹಾಗೆ ಅದರ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಅಮೆರಿಕದ ಆಹಾರ ಇಲಾಖೆ 2004ರಲ್ಲೇ, ಬಸುರಿಯರು, ಹಾಲುಣಿಸುವ ತಾಯಂದಿರು, ಸಣ್ಣ ಮಕ್ಕಳು ಶಾರ್ಕ್ ತಿನ್ನಬಾರದು ಅಂತ ಹೇಳಿದೆ.

"ಅದು ದೊಡ್ಡದರಲ್ಲಿ ಅಲ್ವಾ? ಮರಿಯಲ್ಲಿ ಎಷ್ಟಿರುತ್ತದೆ?" ಅಂದಳು ಅಮ್ಮ.

ಅಮ್ಮ ಹೇಳಿದ್ದು ಸರಿ. ಮರಿಯಲ್ಲಿ ಕಮ್ಮಿ. ಅದನ್ನು ನಾನು ಮುಚ್ಚಿಡಲಿಲ್ಲ. ದೊಡ್ಡದನ್ನು ತಿಂದರೆ ಮಗುವಿಗೆ ಒಳ್ಳೆಯದಲ್ಲ. ಮರಿಯನ್ನು ತಿಂದರೆ ಮುಂದೆ ತಾಯಿಯಾಗಬೇಕಾದ ತಾಟೆಯೇ ಇಲ್ಲವಾಗುತ್ತದೆ. ತಂಗಿ ಒಳಗಿನಿಂದ, "ಅಮ್ಮ, ನಿನ್ನೆ ಕಾಣೆ ಸಾರು ತಿಂದ ಮೇಲೂ ಹಾಲು ಚೆನ್ನಾಗಿಯೇ ಉಂಟು," ಅಂದಳು. ಅಮ್ಮ, "ಆಯಿತು ಮಾರಾಯ್ತಿ, ಮೊದಲು ಮಗುವಿಗೆ ಬಟ್ಟೆ ತಾ," ಅಂದಳು. ಮಾತು ಅಲ್ಲಿಗೆ ನಿಂತಿತು.

ಹತ್ತು ಗಂಟೆಗೆ ಮೀನಿನ ಅಕ್ಕ ಬಂದರು. ನನ್ನ ಚಿಕ್ಕಂದಿನಿಂದ ಇದೇ ಬಾಗಿಲಿಗೆ ಮೀನು ತರುವವರು. ಬುಟ್ಟಿ ಇಳಿಸಿ ಮೇಲಿನ ಪ್ಲಾಸ್ಟಿಕ್ ಸರಿಸಿದರು.

"ಬಾಣಂತಿ ಉಂಟಲ್ಲ ಅಂತ ಮರಿ ತಾಟೆ ಹುಡುಕಿ ತಂದಿದ್ದೇನೆ ಅಮ್ಮ. ಬೇರೆ ಯಾರಿಗೂ ಕೊಡಲಿಲ್ಲ."

ಅಮ್ಮ ಒಂದನ್ನು ಕೈಗೆತ್ತಿಕೊಂಡಳು. ಅಭ್ಯಾಸದಂತೆ ಮೂಗಿನ ಹತ್ತಿರ ಹಿಡಿದಳು. ತಾಟೆ ಹಳತಾದರೆ ಅಮೋನಿಯದ ಘಾಟು ಬರುತ್ತದೆ. ಇದು ಹೊಸದು. ಆಮೇಲೆ ಅದನ್ನು ಮಗುಚಿದಳು. ನಾನು ಏನೂ ಹೇಳಲಿಲ್ಲ. ರೆಕ್ಕೆಗಳ ನಡುವೆ ಹೆಬ್ಬೆರಳು ಇಟ್ಟು ಸವರಿದಳು. ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದಳು.

"ಇದರ ಹೊಕ್ಕುಳು ಇನ್ನೂ ಆರಲಿಲ್ಲ," ಅಂದಳು.

ಮರಿಯನ್ನು ಬುಟ್ಟಿಯಲ್ಲಿ ಮೆಲ್ಲಗೆ ಇಟ್ಟಳು. "ಕಾಣೆ ಎಷ್ಟು?"

"ಕಾಣೆ ಇವತ್ತು ಏಳುನೂರು ಅಮ್ಮ. ತಾಟೆ ನಿಮಗೆ ಮುನ್ನೂರೈವತ್ತಕ್ಕೆ ಕೊಡುತ್ತೇನೆ."

ನಾನು ಒಳಗೆ ಹೋಗಿ ದುಡ್ಡು ತಂದೆ. ಅಮ್ಮ ಒಂದು ಕೆಜಿ ಕಾಣೆ ಆರಿಸಿದಳು. "ನಮಗೋಸ್ಕರ ಹುಡುಕಿ ತಂದೆ, ನಿನಗೆ ನಷ್ಟ ಆಯಿತು," ಅಂದಳು. ಅಕ್ಕ, "ನಷ್ಟ ಎಂತದು, ಕೆಳಗಿನ ಮನೆಯಲ್ಲೂ ಬಾಣಂತಿ ಇದ್ದಾಳೆ, ಅವರು ತೆಗೆದುಕೊಳ್ಳುತ್ತಾರೆ," ಅಂದರು. ಚಿಲ್ಲರೆ ಎಣಿಸಿ ಕೊಟ್ಟರು. ಪ್ಲಾಸ್ಟಿಕ್ ಮುಚ್ಚುವ ಮೊದಲು ಒಂದು ಕ್ಷಣ ತಡೆದು, ತಾನೂ ಒಂದು ಮರಿಯನ್ನು ಮಗುಚಿ ನೋಡಿದರು.